ಎರ್ರಿಯ ಉಡದಾರ

ಶೈಲಜಾಳಿಗೆ ಸುಮ್ಮನೆ ಕೂರುವುದೆಂದರೆ ಶಿಕ್ಷೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಯೊಂದರಲ್ಲಿ ಹೊಲಿದ ಪ್ಯಾಂಟುಗಳ ಮೇಲೆ ಉಳಿದ ದಾರದ ತುದಿಗಳನ್ನು ಕತ್ತರಿಸುವುದು ಅವಳ ಕೆಲಸ. ಕೊರಳಲ್ಲಿ ತಾಳಿಯ ಜೊತೆಗೇ ಪುಟ್ಟ ಕತ್ತರಿಯೂ ತೂಗುತ್ತಿತ್ತು. ಮದುವೆ ಮನೆಯಲ್ಲಿ ಎದುರಿಗೆ ಕೂತವರ ಸೆರಗಿನಿಂದ ಒಂದೆಳೆ ನೂಲು ಇಣುಕಿದರೂ ಸಾಕು, ಮಾತಾಡುತ್ತಲೇ ಕಚಕ್ಕನೆ ಕತ್ತರಿಸಿಬಿಡುವಳು. ಎಷ್ಟು ಜನ ಬೈದರೂ ಆ ಕೈಗೆ ಬುದ್ಧಿ ಬರಲಿಲ್ಲ.

ರಜೆಯ ದಿನ ಅವಳಿಗೆ ಇನ್ನೊಂದು ಕೆಲಸವಿತ್ತು. ಇಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಸಂಘವೊಂದರಲ್ಲಿ ಅವಳು ಸ್ವಯಂಸೇವಕಿ. ಪಾಸ್‌ಪೋರ್ಟಿಗೆ ಫೋಟೊ ತೆಗೆಸುವುದು, ಮಗುವಿಗೆ ಸ್ವೆಟರ್ ಹುಡುಕುವುದು, ಅಳುವ ತಾಯಂದಿರಿಗೆ ಧೈರ್ಯ ಹೇಳುವುದು. ಆರು ವರ್ಷದ ಮಗ ಪ್ರದೀಪನನ್ನು ಆಪರೇಷನ್ನಿನಲ್ಲಿ ಕಳೆದುಕೊಂಡ ಮೇಲೆ ಹಿಡಿದ ಹಾದಿ ಇದು. ಆದರೆ ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲು ದಾಟಿ ಅವಳು ಒಳಗೆ ಹೋದವಳೇ ಅಲ್ಲ. ನೀವೂ ಹೋಗಿ ಬನ್ನಿ ಎಂದು ಸಂಘದವರು ಈ ಸಲ ವೀಸಾವನ್ನೂ ಮಾಡಿಸಿಟ್ಟಿದ್ದರು. ಅವಳು ಆಗಲೇ ಸೊಂಟನೋವು ಎಂದು ಹೇಳಿ ಮುಗಿಸಿದ್ದಳು. ಊರಿಗೆಲ್ಲ ಧೈರ್ಯ ಹಂಚುವವಳಿಗೆ ಆಪರೇಷನ್ ಕೋಣೆಯ ಬಾಗಿಲ ಮುಂದೆ ಕಾಯುವ ಧೈರ್ಯ ಮಾತ್ರ ಇರಲಿಲ್ಲ.

ಈ ಸಲ ಹೋಗಬೇಕಾದವನು ಸಿರುಗುಪ್ಪದ ಹತ್ತಿರ ರಾರಾವಿಯ ಎರ್ರಿ, ನಾಲ್ಕು ವರ್ಷದ ಹುಡುಗ. ಬೆನ್ನುಹುರಿಗೆ ಗಂಟೊಂದು ಅಂಟಿಕೊಂಡು ಕಾಲಿನ ಬಲ ಇಳಿಯುತ್ತಿತ್ತು. ಅಂಗಾಲಿಗೆ ಕಚಗುಳಿಯಿಟ್ಟರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಜರ್ಮನಿಯ ಆಸ್ಪತ್ರೆಯೊಂದು ಆಪರೇಷನ್ನಿಗೆ ದಿನ ಕೊಟ್ಟಿತ್ತು. ಅದು ತಪ್ಪಿದರೆ ಹುಡುಗ ಮುಂದೆ ನಡೆಯಲಾರ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಹೊರಡುವ ವಾರ ಶೈಲಜಾ ಸ್ವೆಟರ್ ತೊಡಿಸಿ ನೋಡಲು ರಾರಾವಿಗೆ ಹೋದಳು. ತಾಯಿ ಅನಿತಾ ಹುಡುಗನ ಅಂಗಿ ಎತ್ತಿದಾಗ ನಡುವಿನ ಕರಿ ಉಡದಾರದ ತುದಿ ಜೋತಾಡುತ್ತಿತ್ತು. ಆಪರೇಷನ್ನಿಗೆ ಇದನ್ನೆಲ್ಲ ತೆಗೆಯಬೇಕಾಗುತ್ತದೆ ಎಂದು ಶೈಲಜಾ ವಿವರಿಸುತ್ತಿದ್ದಳು. ಅಷ್ಟರಲ್ಲಿ ಕೈ ತನ್ನ ಕೆಲಸ ಮಾಡಿತ್ತು. ತುದಿ ಕತ್ತರಿಸಲು ಹೋಗಿ ಉಡದಾರವೇ ತುಂಡಾಗಿ ನೆಲಕ್ಕೆ ಬಿತ್ತು.

ಹೊಸದನ್ನು ಕಟ್ಟದೆ ಹಳೆಯ ಉಡದಾರ ತೆಗೆಯುವವರು ಎಲ್ಲಾದರೂ ಇದ್ದಾರೆಯೇ? ಗಂಡಸಿನ ನಡು ಬರಿದಾಗುವುದು ಹೆಣವಾದಾಗ ಮಾತ್ರ. ಶೈಲಜಾಳಿಗೆ ಇದು ತಿಳಿಯದ್ದಲ್ಲ, ಪ್ರದೀಪನ ಉಡದಾರ ಕತ್ತರಿಸಿದ್ದನ್ನು ಕಣ್ಣಾರೆ ಕಂಡವಳು. ಹುಡುಗನ ಅಜ್ಜಿ ಪಾರಮ್ಮ ಬೈಯಲಿಲ್ಲ. ತುಂಡನ್ನು ಆಯ್ದು ಸೆರಗಿಗೆ ಕಟ್ಟಿಕೊಂಡಳು. ಮರುದಿನ ಮೊಮ್ಮಗನನ್ನು ಎತ್ತಿಕೊಂಡು ಕುರುಗೋಡಿನ ಮಗಳ ಮನೆಗೆ ಹೋಗಿ ಕೂತಳು. ಹುಡುಗನನ್ನು ಇನ್ನು ಎಲ್ಲಿಗೂ ಕಳಿಸುವುದಿಲ್ಲವಂತೆ ಎಂದು ಅನಿತಾ ಫೋನಿನಲ್ಲಿ ಅತ್ತಳು.

ಶೈಲಜಾ ಅಂದು ನಿಂತಲ್ಲಿ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಒಳ್ಳೆಯ ಪ್ಯಾಂಟಿನ ಜೇಬನ್ನೇ ಕತ್ತರಿಸಿ ಬೈಸಿಕೊಂಡಳು. ಅರ್ಧಕ್ಕೇ ಎದ್ದು ಸಿರುಗುಪ್ಪದ ಬಸ್ಸು ಹತ್ತಿದಳು, ಸೀಟು ಖಾಲಿಯಿದ್ದರೂ ನಿಂತೇ ಹೋದಳು. ಅಕ್ಕಿ ಗಿರಣಿಯ ಮುಂದೆ ಭತ್ತದ ಲಾರಿಗಳು ದಾರಿ ಕಟ್ಟಿದಾಗ ಕೆಳಗಿಳಿದು, ಬಸ್ಸನ್ನು ತಾನೇ ದೂಡಬೇಕೇನೋ ಎಂಬಂತೆ ಅದರ ಸುತ್ತ ತಿರುಗಿದಳು. ಸಿರುಗುಪ್ಪದಲ್ಲಿ ಅನಿತಾಳನ್ನು ಕರೆದುಕೊಂಡು ಕುರುಗೋಡು ಮುಟ್ಟುವ ಹೊತ್ತಿಗೆ, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಸಮಾಧಾನದ ಮಾತೆಲ್ಲ ಖಾಲಿಯಾಗಿತ್ತು.

ಪಾರಮ್ಮ ಹೊಸ್ತಿಲ ಬಳಿ ಕೂತಿದ್ದಳು. ತೊಡೆಯ ಮೇಲೆ ಎರ್ರಿ, ಅವನ ನಡುವಿಗೆ ಹೊಸ ಉಡದಾರ.

"ತಪ್ಪಾತು ಯವ್ವ," ಎಂದಳು ಶೈಲಜಾ. "ನನ್ನ ಮಗನ್ದೂ ಕತ್ತರಿಸಿದ್ರು. ನಾ ನೋಡೀನಿ."

ಪಾರಮ್ಮ ಹೊಸ ದಾರದ ಮೇಲೆ ಕೈಯಿಟ್ಟಳು. "ಅಲ್ಲಿ ಮತ್ತ ಕತ್ತರಸ್ತಾರೇನು?"

ಇಲ್ಲ ಎಂದುಬಿಟ್ಟರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಆ ಹೊಸ ದಾರವನ್ನು ನೋಡುತ್ತ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮೈಮೇಲೆ ಒಂದೆಳೆಯನ್ನೂ ಬಿಡುವುದಿಲ್ಲ ಎಂದಳು.

"ಹಂಗಾರ ಕತ್ತರಿ ಮುಟ್ಟಿಸಬ್ಯಾಡ. ನೀನ ಬಿಚ್ಚಿ ನಿನ್ನ ಕೈಗೆ ಕಟ್ಟಿಕ್ಯಾ. ಹುಡುಗ ಹೊರಗ ಬರೋತನ ಅದು ಒಂದು ಜೀವದ ಮ್ಯಾಲೆ ಇರಬೇಕು."

ನಾನು ಕಟ್ಟಿಕೊಳ್ಳುತ್ತೇನೆ ಎಂದು ಅನಿತಾ ಮುಂದೆ ಬಂದಳು. ಪಾರಮ್ಮ ತಲೆಯಾಡಿಸಿದಳು. "ಕತ್ತರಿಸಿದ ಕೈಯೇ ಕಾಯಬೇಕು. ಆಕಿ ಹೊಂಟ್ರ ಕಳಸ್ತೀನಿ."

ಸೊಂಟನೋವಿನ ಮಾತು ಶೈಲಜಾಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಎರ್ರಿ ಅಜ್ಜಿಯ ತೊಡೆಯಿಂದ ಜಾರಿ, ಕಾಲುಗಳನ್ನು ಎಳೆದುಕೊಂಡು ತೆವಳುತ್ತ ಬಂದು ಅವಳ ಚೀಲದಲ್ಲಿ ಬಿಸ್ಕತ್ತು ಹುಡುಕತೊಡಗಿದ. ಅವಳು ಪೊಟ್ಟಣ ಒಡೆದು ಅವನ ಕೈಗಿಟ್ಟಳು.

"ಹೋಗಿ ಬರ್ತೀನಿ ಯವ್ವ," ಎಂದಳು.

ಕತ್ತರಿಯನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ಮನೆಯಲ್ಲೇ ಇಟ್ಟು ಹೋದಳು. ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸ್ ಕತ್ತರಿ ಹಿಡಿದು ಬಂದಾಗ ಅಡ್ಡ ನಿಂತು, ಉಗುರಿನಿಂದ ಗಂಟು ಬಿಡಿಸಿ, ಉಡದಾರವನ್ನು ತನ್ನ ಮಣಿಕಟ್ಟಿಗೆ ಸುತ್ತಿ ಕಟ್ಟಿಕೊಂಡಳು. ಬಾಗಿಲು ಮುಚ್ಚಿತು. ಅವಳು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದಳು. ನಿಮ್ಮನ್ನು ನೋಡಿದರೇ ತಲೆ ಸುತ್ತುತ್ತದೆ ಎಂದು ಅನಿತಾ ಬೇಡಿಕೊಂಡರೂ ನಡೆದಳು. ಮಣಿಕಟ್ಟಿನಿಂದ ದಾರದ ತುದಿ ಜೋತಾಡುತ್ತಿತ್ತು. ಅವಳ ಕೈ ಅಭ್ಯಾಸಬಲದಿಂದ ಕೊರಳಿಗೆ ಹೋಗಿ, ಅಲ್ಲೇನೂ ಸಿಗದೆ, ಆ ತುದಿಯನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು.

ಎರ್ರಿಯನ್ನು ಹೊರಗೆ ತಂದಾಗ ನಡುವಿನ ಸುತ್ತ ಪಟ್ಟಿ ಕಟ್ಟಿತ್ತು. ಮಂಪರಿನಲ್ಲೇ ಅವನ ಕೈ ದಾರಕ್ಕಾಗಿ ತಡಕಾಡಿತು. ದಾರವನ್ನು ಅಲ್ಲಿ ಕಟ್ಟಿ ಎಂಬಂತೆ ನರ್ಸ್ ಪಾದದ ಕಡೆಗೆ ಬೆರಳು ತೋರಿಸಿದಳು. ಶೈಲಜಾ ಹೊದಿಕೆ ಸರಿಸಿ, ದಾರ ಬಿಚ್ಚಿ, ಅವನ ಕಾಲಿಗೆ ಸುತ್ತತೊಡಗಿದಳು. ಜೋತ ತುದಿ ಅಂಗಾಲಿಗೆ ತಾಗಿತು.

ಎರ್ರಿ ಕಾಲು ಹಿಂದಕ್ಕೆ ಎಳೆದುಕೊಂಡ. "ಕಚಗುಳಿ ಆಗ್ತೈತಿ," ಎಂದು ಗೊಣಗಿದ.

ಅನಿತಾ ಅವನ ಮೇಲೆ ಬಾಗಿ ಅಳತೊಡಗಿದಳು. ಶೈಲಜಾ ಗಂಟು ಬಿಗಿಮಾಡಿ, ಅಲ್ಲೇ ನೆಲದ ಮೇಲೆ ಕೂತಳು. ಎಷ್ಟೋ ಹೊತ್ತು ಏಳಲಿಲ್ಲ.