ಪ್ರಿಂಟಿಗೆ ಇಳಿಯದ ಕೋಣೆ

ನಿನ್ನೆ ಸಂಜೆ ಕಂಪ್ಯೂಟರಿನಲ್ಲಿ ಹಳೆಯದೊಂದು ಮನೆಯ ಪ್ಲಾನ್ ತೆರೆದೆ. ಗೋಡೆಗಳು ಬಂದವು, ಬಾಗಿಲುಗಳು ಬಂದವು, ಅಕ್ಷರ ಮಾತ್ರ ಬರಲಿಲ್ಲ. ಚಾವಡಿ, ಅಡುಗೆಕೋಣೆ, ಬಚ್ಚಲು ಎಂದೆಲ್ಲ ಕನ್ನಡದಲ್ಲಿ ಬರೆದಿದ್ದ ಜಾಗದಲ್ಲಿ ಬರೀ ಕೊಕ್ಕೆ, ಚುಕ್ಕೆ, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು. ನೀವು ಗಾಬರಿ ಬೀಳಬೇಡಿ, ನಮ್ಮ ಕಸುಬಿನಲ್ಲಿ ಇದು ನೆಗಡಿಯಷ್ಟೇ ಸಾಮಾನ್ಯ. ಆಗ ಬಳಸಿದ್ದ ಕನ್ನಡದ ಫಾಂಟು ಈಗಿನ ಕಂಪ್ಯೂಟರಿನಲ್ಲಿಲ್ಲ, ಹುಡುಕಿ ಹಾಕಿದರೆ ಸರಿಯಾಗುತ್ತದೆ. ಹಾಳೆಯ ಗಡಿಯ ಆಚೆ, ಮೂಲೆಯಲ್ಲಿ, ಅಂಥದ್ದೇ ನಾಲ್ಕು ಸಾಲು ಕಸ ಬಿದ್ದಿತ್ತು. ಮೊದಲು ಅದನ್ನು ಅಳಿಸೋಣವೆಂದು ಮೌಸಿನಲ್ಲಿ ಹಿಡಿದೆ. ಅಷ್ಟರಲ್ಲಿ ಫೋನ್ ಬಂತು.

ಫೋನ್ ಮಾಡಿದವರು ವಿಟ್ಲದಲ್ಲಿ ಮನೆ ಕಟ್ಟಿಸುತ್ತಿರುವವರು. "ಮೇಡಂ, ಮೆಟ್ಟಿಲು ಬಲಗಡೆ ಅಂತ ಹೇಳಿದ್ದಲ್ಲವಾ? ಇಲ್ಲಿ ಮೇಸ್ತ್ರಿ ಎಡಗಡೆ ಮೂರು ಸಾಲು ಕಲ್ಲು ಕಟ್ಟಿ ಆಯ್ತು. ಪ್ಲಾನಿನಲ್ಲಿ ಹಾಗೆಯೇ ಉಂಟಂತೆ!"

ಪ್ಲಾನ್ ಕಳಿಸಿದವಳು ನಶ್ಫಾ. ನನ್ನ ಈ ಮೂಡುಬಿದಿರೆಯ ಸಣ್ಣ ಆಫೀಸಿಗೆ ಬಂದು ಎಂಟು ತಿಂಗಳಾದ ಡಿಪ್ಲೊಮಾ ಹುಡುಗಿ. ಕರೆದು ನೋಡಿದರೆ, ಹೊಸ ಪ್ಲಾನಿನ ಬದಲು ಹಳೆಯದನ್ನು ಕಳಿಸಿದ್ದಾಳೆ. "ತಪ್ಪು ನನ್ನದೇ ಮೇಡಂ" ಎಂದಳು. ಅಷ್ಟು ಬೇಗ ಒಪ್ಪಿಕೊಂಡದ್ದು ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ವಾದ ಮಾಡಿದ್ದರೆ ಬೈಯಲು ಏನಾದರೂ ಸಿಗುತ್ತಿತ್ತು! ಇದ್ದಬದ್ದದ್ದನ್ನೆಲ್ಲ ಸೇರಿಸಿ ಬೈದೆ. ಅವಳು ಕಣ್ಣೊರೆಸಿಕೊಂಡು ಬಸ್ಸಿಗೆ ಹೋದಳು. ಸೋಮವಾರದಿಂದ ಬರುವುದು ಬೇಡ ಎಂದು ಹೇಳಿಬಿಡುವುದೆಂದು ನಾನು ತೀರ್ಮಾನಿಸಿಯೇ ಬಿಟ್ಟೆ.

ಆ ಸಿಟ್ಟಿನಲ್ಲೇ ಮತ್ತೆ ಹಳೆಯ ಪ್ಲಾನಿನ ಮುಂದೆ ಕುಳಿತೆ. ಅದು ವಾಮದಪದವಿನ ಮನೆ. ನಾನು ನಶ್ಫಾಳಷ್ಟೇ ಎಳಸಾಗಿದ್ದಾಗ ಬರೆದದ್ದು.

ಆಗ ನಾನು ಇದೇ ಪೇಟೆಯ ಒಬ್ಬ ಇಂಜಿನಿಯರರ ಬಳಿ ಕೆಲಸಕ್ಕಿದ್ದೆ. ನನಗೆ ಕೆಲಸ ಕಲಿಸಿದವರು ಲಿಲ್ಲಿ ಅಕ್ಕ. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬಗ್ಗಿ ಕೈಯಲ್ಲೇ ನಕ್ಷೆ ಬರೆದು, ಸೊಂಟ ಹಿಡಿದುಕೊಂಡ ಮೇಲೆ ಕಂಪ್ಯೂಟರ್ ಕಲಿತವರು. ಮನೆಯಲ್ಲಿ ಕೊಂಕಣಿ, ನಮ್ಮೊಂದಿಗೆ ತುಳು, ಕೆಲಸ ಹೇಳುವಾಗ ಮಾತ್ರ ಶಾಲೆಯ ಟೀಚರಂಥ ಕನ್ನಡ. ಕಂಪ್ಯೂಟರಿನ ನಕ್ಷೆಯೆಂದರೆ ಒಂದರ ಮೇಲೊಂದು ಇಟ್ಟ ತೆಳು ಹಾಳೆಗಳಿದ್ದ ಹಾಗೆ. ಅವಕ್ಕೆ ಲೇಯರ್ ಎನ್ನುತ್ತೇವೆ. ಗೋಡೆಗೆ ಒಂದು, ಬಾಗಿಲಿಗೆ ಒಂದು, ನೀರಿನ ಪೈಪಿಗೆ ಒಂದು. ಲಿಲ್ಲಿ ಅಕ್ಕ ಎಲ್ಲಕ್ಕೂ ಹೆಸರಿಟ್ಟು, ಪ್ರತಿ ಶನಿವಾರ ಮಧ್ಯಾಹ್ನ ಬೇಡದ್ದನ್ನೆಲ್ಲ ತೆಗೆದು ಫೈಲುಗಳನ್ನು ಗುಡಿಸಿ ಒರೆಸಿ ಇಡುತ್ತಿದ್ದರು. "ಡಬ್ಬಿಗೆ ಹೆಸರು ಬರೆಯದಿದ್ದರೆ ಸಾರಿಗೆ ಸಕ್ಕರೆ ಬೀಳ್ತದೆ ಮಾರಾಯ್ತಿ" ಎನ್ನುತ್ತಿದ್ದರು. ನಾನೋ, ಕೈಗೆ ಸಿಕ್ಕಿದ ಲೇಯರಿನ ಮೇಲೆ ಗೆರೆ ಎಳೆಯುವವಳು. ಪರದೆಯಲ್ಲಿ ಕಂಡರೆ ಸಾಕು, ಯಾವ ಹಾಳೆಯಾದರೇನು ಎಂಬ ವೇದಾಂತ ನನ್ನದು.

ವಾಮದಪದವಿನ ಮನೆ ಸುಂದರಣ್ಣ ಎಂಬವರದು. ಅವರು ಗಲ್ಫಿನಲ್ಲಿದ್ದರು. ಊರಿನಲ್ಲಿ ಎಲ್ಲ ನೋಡಿಕೊಳ್ಳುತ್ತಿದ್ದವರು ಅವರ ಅಕ್ಕ ಕಮಲಕ್ಕ. ಹಳೆಯ ಮನೆ ಬಿದ್ದುಹೋದ ಮೇಲೆ ಮನೆತನದ ದೈವಕ್ಕೆ ಅಂಗಳದ ಬದಿಯಲ್ಲಿ ತಗಡಿನ ಮಾಡು ಕಟ್ಟಿ, ಏಳು ವರ್ಷ ಒಂದು ಸಂಕ್ರಾಂತಿಯನ್ನೂ ತಪ್ಪಿಸದೆ ದೀಪ ಇಟ್ಟವರು. ಅವರು ತಮ್ಮನಲ್ಲಿ ಕೇಳಿದ್ದು ಒಂದೇ: ಹೊಸ ಮನೆಯಲ್ಲಿ ದೈವಕ್ಕೊಂದು ಕೋಣೆ. ವಾಸ್ತುವಿನವರು ಜಾಗ ಗುರುತಿಸಿ ಕೊಡಲು ತಡವಾದದ್ದರಿಂದ ಆ ಕೋಣೆಯನ್ನು ನಾನು ಕೊನೆಗೆ ಬರೆದೆ. ಅಂದವಾಗಿಯೇ ಬರೆದಿದ್ದೆ. ಕಟ್ಟೆ, ದೀಪದ ಗೂಡು, ಎರಡು ಕದದ ಬಾಗಿಲಿಗೆ ದಾರಂದದ ಚೌಕಟ್ಟು.

ಕೆಸರುಕಲ್ಲು ಹಾಕಲು, ಅಂದರೆ ಅಡಿಪಾಯದ ಮೊದಲ ಕಲ್ಲಿಡಲು, ಹತ್ತು ದಿನ ಇರುವಾಗ ಪ್ರಿಂಟು ಮೇಸ್ತ್ರಿಯ ಕೈಸೇರಿತು. ಕಮಲಕ್ಕ ಅದನ್ನು ಬಿಡಿಸಿ ನೋಡಿದರು. ದೈವದ ಕೋಣೆ ಇರಲಿಲ್ಲ. ಆ ಜಾಗ ಬೆಳ್ಳಗೆ ಖಾಲಿ.

ತಮ್ಮನಿಗೆ ಫೋನ್ ಮಾಡಿ ಅವರು ಕೇಳಿದ್ದು ಒಂದೇ ಮಾತಂತೆ: "ನಿನಗೆ ಮೂರು ಬಚ್ಚಲಿಗೆ ಜಾಗ ಉಂಟು, ದೈವಕ್ಕೆ ಜಾಗ ಇಲ್ಲ, ಅಲ್ಲವಾ?" ತೆಗೆಸಿದ್ದು ನಾನಲ್ಲ ಎಂದು ತಮ್ಮ ಆಣೆ ಹಾಕಿದರೂ ಅಕ್ಕ ನಂಬಲಿಲ್ಲ. ಕೆಸರುಕಲ್ಲಿಗೆ ನಾನು ಬರುವುದಿಲ್ಲ ಎಂದು ಫೋನ್ ಇಟ್ಟರು, ಮತ್ತೆ ಎತ್ತಲಿಲ್ಲ. ಸುಂದರಣ್ಣ ಗಲ್ಫಿನಿಂದ ನಮ್ಮ ಆಫೀಸಿಗೆ ಫೋನ್ ಮಾಡಿ ಹೇಳಿದರು, "ಅಕ್ಕ ಇಲ್ಲದೆ ನಾನು ಕಲ್ಲು ಹಾಕುವುದಿಲ್ಲ. ಎಂತ ಆದದ್ದು ಅಂತ ಒಮ್ಮೆ ನೋಡಿ."

ನಾನು ನೋಡಿದೆ. ಪರದೆಯಲ್ಲಿ ಕೋಣೆ ಇತ್ತು! ಮತ್ತೆ ಪ್ರಿಂಟು ತೆಗೆಸಿದೆ, ಕೋಣೆ ಇಲ್ಲ. ಹಾಗಾದರೆ ತಪ್ಪು ಯಾರದು? ಖಂಡಿತ ನನ್ನದಲ್ಲ. ಬಂಟ್ವಾಳದ ಪ್ರಿಂಟಿನ ಅಂಗಡಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಆ ಪುಣ್ಯಾತ್ಮ ಸಮಾಧಾನದಿಂದಲೇ ಹೇಳಿದ, "ಅಕ್ಕ, ನನ್ನ ಮೆಷಿನಿಗೆ ದೈವದ ಮೇಲೆ ಎಂತ ಸಿಟ್ಟು? ನೀವು ಕಳಿಸಿದ್ದನ್ನು ಅದು ಕೊಡ್ತದೆ." ಎರಡು ದಿನ ನಾನು ಅವನ ಮೆಷಿನ್ನನ್ನೂ ಕರೆಂಟನ್ನೂ ವೈರಸ್ಸನ್ನೂ ದೂರುತ್ತಾ ಕಳೆದೆ.

ಮೂರನೆಯ ದಿನ ಲಿಲ್ಲಿ ಅಕ್ಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. ಒಂದೊಂದೇ ಲೇಯರ್ ಮರೆಮಾಡುತ್ತಾ ಹೋದರು. ಗೋಡೆ ಹೋಯಿತು, ಬಾಗಿಲು ಹೋಯಿತು, ಎಲ್ಲ ಹೋದ ಮೇಲೂ ದೈವದ ಕೋಣೆ ಒಂಟಿಯಾಗಿ ಉಳಿಯಿತು. ನಮ್ಮ ತಂತ್ರಾಂಶಕ್ಕೆ ಒಂದು ಚಾಳಿ ಉಂಟು. ನಕ್ಷೆಗೆ ಅಳತೆ ಹಾಕಿದ ಕೂಡಲೇ ತನ್ನ ಲೆಕ್ಕಾಚಾರಕ್ಕೆಂದು ತಾನೇ ಒಂದು ಲೇಯರ್ ಹುಟ್ಟಿಸಿಕೊಳ್ಳುತ್ತದೆ. ಅದರ ಮೇಲೆ ಬರೆದದ್ದು ಕಣ್ಣಿಗೆ ಕಾಣುತ್ತದೆ, ಕಾಗದಕ್ಕೆ ಇಳಿಯುವುದಿಲ್ಲ. ಇದ್ದ ಇಷ್ಟೂ ಲೇಯರುಗಳಲ್ಲಿ ನಾನು ದೈವಕ್ಕೆ ಆರಿಸಿದ್ದು ಅದನ್ನು.

"ಸರಿ ಮಾಡಿ ಹೊಸ ಪ್ರಿಂಟು ಕಳಿಸುವ" ಎಂದೆ. ಸ್ವರ ನನಗೇ ಕೇಳಿಸಲಿಲ್ಲ.

"ಪ್ರಿಂಟು ಕಳಿಸಿದರೆ, ಬೈದ ಮೇಲೆ ತಮ್ಮ ಸೇರಿಸಿದ ಅಂತ ಆ ಅಕ್ಕ ತಿಳಿದುಕೊಳ್ತಾರೆ" ಎಂದರು ಲಿಲ್ಲಿ ಅಕ್ಕ. "ಹೋಗಿ ಹೇಳಬೇಕು. ನೀನು ಹೇಳು. ನಾನು ಹತ್ತಿರ ನಿಲ್ತೇನೆ."

ಸಿದ್ದಕಟ್ಟೆಯಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಬಸ್ಸು ಕೆಟ್ಟು ನಿಲ್ಲಲಿ ಎಂದು ನಾನು ಅದೇ ದೈವಕ್ಕೆ ಹರಕೆ ಹೇಳುತ್ತಿದ್ದೆ. ನನ್ನ ಹರಕೆಗೆ ಅಲ್ಲಿ ಯಾವ ಬೆಲೆ ಇದ್ದೀತು! ಕಮಲಕ್ಕ ಬೆಲ್ಲ ನೀರು ತಂದಿಟ್ಟು ಕುಳಿತರು. ನಮ್ಮ ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

"ಕಮಲಕ್ಕ, ನಿಮ್ಮ ತಮ್ಮ ಕೋಣೆ ತೆಗೆಸಿದ್ದಲ್ಲ. ನಾನು ಬರೆದದ್ದು ತಪ್ಪಿದ್ದು" ಎಂದೆ. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ದೀಪದ ಗೂಡಿನ ಮೇಲೆ ಬೆರಳಿಟ್ಟರು.

"ಹಾಗಾದರೆ ಇದು ಮೊದಲಿನಿಂದಲೇ ಇತ್ತಾ?"

"ಇತ್ತು. ನಾನು ಇಡಬಾರದ ಜಾಗದಲ್ಲಿ ಇಟ್ಟದ್ದು."

"ಅವನು ಸುಳ್ಳು ಹೇಳಿದ್ದಲ್ಲ" ಎಂದರು ತಮಗೇ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿ, "ದೈವವನ್ನೇ ಅಡಗಿಸಿಟ್ಟೆಯಲ್ಲ ಮಾರಾಯ್ತಿ! ಭಾರೀ ಧೈರ್ಯ ಉಂಟು ನಿನಗೆ" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡು ತಮ್ಮನಿಗೆ ಫೋನ್ ಹಚ್ಚಿದರು. ನನಗೂ ಅಳು ಬಂತು. ಲಿಲ್ಲಿ ಅಕ್ಕ ಮಾತ್ರ ಏನೂ ಆಗದವರ ಹಾಗೆ ಬೆಲ್ಲ ಕಚ್ಚಿ ನೀರು ಕುಡಿದರು.

ಆ ಮನೆ ಎದ್ದಿತು. ಈಗ ಕಮಲಕ್ಕನ ಮಗಳು ಸೋದರಮಾವ ಸುಂದರಣ್ಣನ ಒಪ್ಪಿಗೆ ಪಡೆದು ಮೇಲೆ ಎರಡು ಕೋಣೆ ಏರಿಸಬೇಕೆಂದಿದ್ದಾಳೆ. ನಾನು ಫೈಲು ತೆರೆದದ್ದು ಅದಕ್ಕೇ.

ಹಳೆಯ ಸಿಡಿಯೊಂದರಲ್ಲಿ ಫಾಂಟು ಸಿಕ್ಕಿತು. ಹಾಕಿದೆ. ಕೊಕ್ಕೆ ಚುಕ್ಕೆಗಳೆಲ್ಲ ಚಾವಡಿಯಾದವು, ಅಡುಗೆಕೋಣೆಯಾದವು. ಹಾಳೆಯ ಗಡಿಯಾಚೆ ನಾನು ಅಳಿಸಲು ಹೊರಟಿದ್ದ ಕಸವೂ ಅಕ್ಷರವಾಯಿತು. ಅದು ಇದ್ದದ್ದು ಆ ಪ್ರಿಂಟಿಗೆ ಇಳಿಯದ ಲೇಯರಿನಲ್ಲೇ.

"ಮುಂದೆ ಈ ಫೈಲು ತೆರೆಯುವವರಿಗೆ: ದೈವದ ಕೋಣೆ ಮೊದಲು ಈ ಲೇಯರಿನಲ್ಲಿತ್ತು. ಇಟ್ಟ ಹುಡುಗಿ ತಾನೇ ಹೋಗಿ ಹೇಳಿ ಬಂದಳು. ಸರ್ ಇವಳನ್ನು ಬಿಡಿಸುವ ಅಂತ ಹೇಳಿದ್ದರು, ನಾನು ಬೇಡ ಎಂದೆ. ನನ್ನ ಮೊದಲ ವರ್ಷ ನಾನು ಒಂದು ಮನೆಗೆ ಮೆಟ್ಟಿಲು ಬರೆಯಲಿಕ್ಕೇ ಮರೆತಿದ್ದೆ. ಲಿಲ್ಲಿ."

ನನ್ನನ್ನು ಬಿಡಿಸುವ ಮಾತು ಬಂದಿತ್ತೆಂದು ನನಗೆ ಈವರೆಗೂ ಗೊತ್ತಿರಲಿಲ್ಲ. ಲಿಲ್ಲಿ ಅಕ್ಕ ಈಗ ಬೆಳ್ತಂಗಡಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ವಾರಕ್ಕೊಮ್ಮೆ ಫೋನಿನಲ್ಲಿ ಹರಟುತ್ತೇವೆ, ಇದರ ಬಗ್ಗೆ ಒಂದು ದಿನವೂ ಬಾಯಿ ಬಿಟ್ಟವರಲ್ಲ. ಆಮೇಲೆ ವಿಟ್ಲದ ಮನೆಯ ಫೋಲ್ಡರ್ ತೆರೆದೆ. 'ಫೈನಲ್', 'ಫೈನಲ್ ಹೊಸದು', 'ಫೈನಲ್ ಇದೇ', 'ಇದೇ ಖಂಡಿತ'. ಇದರಲ್ಲಿ ಸರಿಯಾದದ್ದು ಯಾವುದೆಂದು ನಶ್ಫಾ ಯಾವ ಜೋಯಿಸರಲ್ಲಿ ಪ್ರಶ್ನೆ ಇಟ್ಟು ತಿಳಿಯಬೇಕಿತ್ತು? ಹೆಸರಿಟ್ಟ ಮಹಾತಾಯಿ ನಾನೇ. ಅವಳಿಗೆ ಫೋನ್ ಮಾಡಿ, "ನಾಳೆ ಬಿ.ಸಿ. ರೋಡಿನಲ್ಲಿ ಸಿಗು, ವಿಟ್ಲಕ್ಕೆ ಹೋಗುವ" ಎಂದೆ.

ಇವತ್ತು ಬೆಳಿಗ್ಗೆ ಮೇಸ್ತ್ರಿಯ ಎದುರು ಅವಳು ನನ್ನ ಮುಖ ನೋಡಿದಳು.

"ನೀನು ಹೇಳು. ನಾನು ಹತ್ತಿರ ನಿಲ್ತೇನೆ" ಎಂದೆ.

"ಮೇಸ್ತ್ರಿಯವರೇ, ತಪ್ಪು ನನ್ನದು, ಹಳೆಯ ಪ್ಲಾನ್ ಕಳಿಸಿದ್ದೆ" ಎಂದಳು. ನನಗೆ ಲಿಲ್ಲಿ ಅಕ್ಕನ ಹಾಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. "ಅವಳದ್ದಲ್ಲ, ಫೈಲಿಗೆ ಹೆಸರಿಟ್ಟದ್ದು ನಾನು" ಎಂದುಬಿಟ್ಟೆ.

ಮೇಸ್ತ್ರಿ ಇಬ್ಬರನ್ನೂ ನೋಡಿ ತಲೆಯ ಮುಂಡಾಸು ಬಿಗಿ ಮಾಡಿಕೊಂಡರು. "ಯಾರದ್ದಾದರೂ ಆಗಲಿ ಮಾರಾಯ್ರೇ, ಇಬ್ಬರೂ ಸ್ವಲ್ಪ ಈಚೆ ನಿಲ್ಲಿ. ಕಲ್ಲು ತೆಗೆಯಲಿಕ್ಕೆ ಉಂಟು."