ನೀರು ಬೇಡದ ಗಿಡಗಳು

ನನ್ನ ಮೊದಲ ಸಕ್ಯುಲೆಂಟ್ ಬಂದದ್ದು ಗೃಹಪ್ರವೇಶದ ರಿಟರ್ನ್ ಗಿಫ್ಟ್ ಆಗಿ. ನಂಜನಗೂಡಿನ ಹೊಸ ಬಡಾವಣೆಯೊಂದರಲ್ಲಿ ದೂರದ ನೆಂಟರು ಮನೆ ಕಟ್ಟಿಸಿದ್ದರು. ಊಟ ಮುಗಿಸಿ ಹೊರಡುವಾಗ ತೆಂಗಿನಕಾಯಿ, ಬ್ಲೌಸ್ ಪೀಸಿನ ಬದಲು ಹೆಂಗಸರ ಕೈಗೆಲ್ಲ ಟೀ ಲೋಟದಷ್ಟು ದೊಡ್ಡ ಪ್ಲಾಸ್ಟಿಕ್ ಕುಂಡ ಕೊಟ್ಟರು. ಒಳಗೊಂದು ಪುಟ್ಟ ಗಿಡ, ದಪ್ಪ ಎಲೆಗಳು ಗುಲಾಬಿಯ ಹಾಗೆ ಸುತ್ತಿಕೊಂಡಿದ್ದವು. ನನ್ನ ಓರಗಿತ್ತಿಗೆ ಅದು ಅವಮಾನವೇ ಆಯಿತು. ಅವರು ನನ್ನ ಭಾವನವರ ಹೆಂಡತಿ, ನಾನು ಅಕ್ಕ ಎನ್ನುತ್ತೇನೆ. ಆಟೋದಲ್ಲಿ ಕೂತ ಮೇಲೆ ತಮ್ಮ ಕುಂಡವನ್ನೂ ನನ್ನ ಮಡಿಲಿಗೆ ತಳ್ಳಿದರು.

"ಕಾಯಿ ಕೊಡಾಕೆ ಆಗ್ದೆ ಕಳ್ಳಿಗಿಡ ಕೊಟ್ಟವ್ರೆ. ನೀನೇ ಮಡಿಕ್ಕೊ ಕಾನ್ವೆಂಟಮ್ಮ, ನಿಂಗೆ ಇಂಥವೇ ಸರಿ."

ಕಾನ್ವೆಂಟಮ್ಮ ಎನ್ನುವುದು ಮದುವೆಯಾಗಿ ಹೆಮ್ಮಿಗೆಗೆ ಕಾಲಿಟ್ಟ ವಾರದಲ್ಲೇ ನನಗೆ ಅಂಟಿದ ಹೆಸರು. ಮೈಸೂರಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಓದಿದವಳು, ಎಮ್ಮೆ ಹಾಯಲು ಬಂದಾಗ "ಪ್ಲೀಸ್" ಎಂದೆನಂತೆ. ಹಾಗೆಂದ ನೆನಪು ನನಗಿಲ್ಲ. ಆದರೆ ಐವತ್ತು ವರ್ಷದಿಂದ ಎಲ್ಲರೂ ಹೇಳಿಕೊಂಡು ನಗುವುದರಿಂದ ಈಗ ನಾನೂ ನಂಬಿದ್ದೇನೆ.

ಆ ಎರಡು ಕುಂಡ ಮೂರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚಾದವು. ಟೆರೇಸಿನ ಪೂರ್ವದ ಗೋಡೆಯ ಉದ್ದಕ್ಕೂ ಇಟ್ಟಿದ್ದೆ, ಎಳೆಬಿಸಿಲು ಬೀಳುವ ಕಡೆ. ಐಸ್‌ಕ್ರೀಮ್ ಡಬ್ಬಗಳ ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಕೊರೆಯುತ್ತಿದ್ದೆ. ದಪ್ಪ ಮರಳು, ಇಟ್ಟಿಗೆ ಚೂರು, ಮಣ್ಣು ಒಂದೇ ಒಂದು ಹಿಡಿ. ಈ ಗಿಡಗಳಿಗೆ ಬೇಕಾದದ್ದು ನೀರು ನಿಲ್ಲದೆ ಬಸಿದುಹೋಗುವ ಡ್ರೈನೇಜ್, ಆಮೇಲೆ ಒಂದಿಷ್ಟು ಅಲಕ್ಷ್ಯ. ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಂಡಿರುತ್ತವೆ. ಎಲೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಬೇಕು. ಗಟ್ಟಿ ಇದ್ದರೆ ಸುಮ್ಮನಿರಬೇಕು, ಮೆತ್ತಗೆ ಸುಕ್ಕಾಗಿದ್ದರೆ ಮಾತ್ರ ನೀರು. ಬಿಳಿ ಹುಳ ಕೂತರೆ ಕಿವಿಗೆ ಹಾಕುವ ಬಡ್ಸನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಬೇಕು. ಬೆಳಿಗ್ಗೆ ಒಂದು ಗಂಟೆ ನಾನು ಅಲ್ಲಿರುತ್ತಿದ್ದೆ. ಯಾರೂ ಮೇಲೆ ಬರುತ್ತಿರಲಿಲ್ಲ. ಯಾರೂ ಬಾರದಿರಲಿ ಎನ್ನುವುದೇ ನನ್ನ ಆಸೆಯೂ ಆಗಿತ್ತು.

ಇದನ್ನು ಬಿಡಿಸಿ ಹೇಳಬೇಕು, ಇಲ್ಲವಾದರೆ ಮುಂದಿನದು ಬರೀ ಗಿಡದ ಜಗಳವಾಗುತ್ತದೆ.

ನನಗೆ ಒಬ್ಬನೇ ಮಗ. ಅವನು ಹುಟ್ಟಿದಾಗ ನನ್ನ ಯಜಮಾನರಿಗೆ ಟಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ, ನನಗೆ ಅಲ್ಲೇ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸ. ಒಂದೇ ಕೋಣೆಯ ಬಾಡಿಗೆ ಮನೆ. ಮಗು ಬಡಕಲಾಗಿತ್ತು. ಅತ್ತೆಯವರು ಹೆಮ್ಮಿಗೆಯಿಂದ ಬಂದು, ಹಾಲು ಹೈನು ಇರುವ ಕಡೆ ಒಂದು ವರ್ಷ ಇರಲಿ, ಹಿರೀಸೊಸೆಗೆ ಮಕ್ಕಳಿಲ್ಲ, ಅವಳ ಕೈಯಲ್ಲಿ ಮೈತುಂಬಿಕೊಳ್ಳುತ್ತದೆ ಎಂದರು. ನಿನಗೇನೂ ಬೇಜಾರಿಲ್ಲ ತಾನೆ ಎಂದೂ ಕೇಳಿದರು. ನಾನು ಏನಿಲ್ಲ ಅತ್ತೆ ಎಂದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದೇ ಅದು, ಹಿರಿಯರು ಕೇಳಿದರೆ ಮುಖ ಸಿಂಡರಿಸಬಾರದು.

ಒಂದು ವರ್ಷ ಹನ್ನೆರಡಾಯಿತು. ಭಾನುವಾರ ಬಸ್ಸಿನಲ್ಲಿ ಹೋಗಿ ಬಿಸ್ಕೆಟ್ ಕೊಟ್ಟು ಬರುತ್ತಿದ್ದೆ. ಅವನು ಅಕ್ಕನನ್ನು ಅವ್ವ ಎಂದ, ನನ್ನನ್ನು ಚಿಕ್ಕಮ್ಮ ಎಂದ. ಹೈಸ್ಕೂಲಿಗೆ ನಮ್ಮ ಮನೆಗೆ ಬಂದಾಗಲೂ ಅದು ಬದಲಾಗಲಿಲ್ಲ. ಅವ್ವನಿಗೆ ನೀನು, ನನಗೆ ನೀವು. ಶಾಲೆಯ ರಿಜಿಸ್ಟರಿನಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಇರುವುದು ನನ್ನ ಹೆಸರೇ. ಈಗ ಅವನು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಗಂಡಂದಿರು ಹೋದ ಮೇಲೆ ನಾವಿಬ್ಬರೂ ನಂಜನಗೂಡಿನಲ್ಲಿ ಅವನ ಮನೆಯಲ್ಲೇ ಇದ್ದೇವೆ. ಮಗ, ಸೊಸೆ ಒಳ್ಳೆಯವರು. ಅಕ್ಕನೂ ಒಳ್ಳೆಯವರು. ಎಲ್ಲರೂ ಒಳ್ಳೆಯವರಾಗಿರುವ ಮನೆಯಲ್ಲಿ ದೂರು ಹೇಳುವುದು ಬಹಳ ಕಷ್ಟ. ಅಡಿಗೆಮನೆ ಅಕ್ಕನದು, ಹಾಲ್ ಟಿವಿಯದು, ಮಗ ಅವರ ಮಗ. ನನ್ನದು ಎಂದು, ಎಕ್ಸ್‌ಕ್ಲೂಸಿವ್ಲಿ ನನ್ನದು ಎಂದು ಇದ್ದದ್ದು ಆ ಗೋಡೆ ಒಂದೇ. ಅದು ನನಗೇ ಉಳಿಯಬೇಕು ಎಂದು ಎಪ್ಪತ್ತರ ಮೇಲೆ ನನಗೆ ಚಿಕ್ಕ ಹುಡುಗಿಯ ಹಠ ಬಂದಿತ್ತು.

ಹೋದ ವರ್ಷ ಮಂಡಿ ಆಪರೇಷನ್ ಆಯಿತು. ಮೈಸೂರಿನಲ್ಲಿ ಮಾಡಿಸಿಕೊಂಡು ಫಿಸಿಯೋಥೆರಪಿಗೆಂದು ಅಲ್ಲೇ ತಂಗಿಯ ಮನೆಯಲ್ಲಿ ಒಂದೂವರೆ ತಿಂಗಳು ಇದ್ದೆ. ಹೊರಡುವ ಹಿಂದಿನ ದಿನ ಅಕ್ಕ, ನಿನ್ನ ಗಿಡಕ್ಕೆ ನೀರು ಹಾಕಲೇನು ಎಂದು ಕೇಳಿದರು. ಬೇಡಿ ಅಕ್ಕ, ಅವಕ್ಕೆ ನೀರು ಬೇಡ, ನೀವು ಸುಮ್ಮನೆ ಮೆಟ್ಟಿಲು ಹತ್ತಬೇಡಿ ಎಂದೆ.

ಮೆಟ್ಟಿಲಿನ ಮಾತು ಸೇರಿಸಿದ್ದೇ ತಪ್ಪು. ಹೆಮ್ಮಿಗೆಯ ಮನೆಯಲ್ಲಿ ಬೇಡ ಎನ್ನುವ ಮಾತಿಗೆ ಯಾವತ್ತೂ ಬೆಲೆ ಇರಲಿಲ್ಲ. ಊಟಕ್ಕೆ ಕೂತವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎಂದರೆ, ಬೆರಳ ಸಂದಿಯಲ್ಲೇ ತುಪ್ಪ ಬಿಡಬೇಕು. ಹಾಗೆ ಬಿಡದ ಸೊಸೆಗೆ ಬಡಿಸಲು ಬರುವುದಿಲ್ಲ ಎಂದು ಅರ್ಥ. ನಾನೇ ಹೊಸದರಲ್ಲಿ, ಬೇಡ ಎಂದವರನ್ನು ಬಿಟ್ಟು ಮುಂದಕ್ಕೆ ಹೋಗಿ ಬೈಸಿಕೊಂಡವಳು. ಬೇಡ ಅಂದರೆ ಸಂಕೋಚ, ಸಂಕೋಚ ಅಂದರೆ ಇನ್ನೆರಡು ಸೌಟು. ಅಕ್ಕ ಆ ಅಡಿಗೆಮನೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಬಡಿಸಿದವರು.

ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ ಗಿಡ ಹೇಗಿವೆ ಎಂದು ಕೇಳುತ್ತಿದ್ದೆ. ಅತ್ತೆ ನೋಡಿಕೊಳ್ತಾ ಇದಾರೆ ಎನ್ನುತ್ತಿದ್ದಳು ಸೊಸೆ. ಅವಳಿಗೆ ಅತ್ತೆ ಎಂದರೆ ಅಕ್ಕ. ನನಗೆ ಆಗಲೇ ಗೊತ್ತಾಗಬೇಕಿತ್ತು. ನಾನು ಸುಮ್ಮನೆ, ಧೂಳು ಒರೆಸುತ್ತಿರಬೇಕು ಎಂದುಕೊಂಡೆ.

ವಾಪಸ್ ಬಂದ ದಿನ ಮಗ ನನ್ನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದ. ಅಕ್ಕ ನಮಗಿಂತ ಮೊದಲೇ ಹೋಗಿ ಮೇಲೆ ನಿಂತಿದ್ದರು. ಮುಖದಲ್ಲಿ ಹಬ್ಬದ ಕಳೆ. ನನಗೊಂದು ಸರ್‌ಪ್ರೈಸ್ ಕೊಡುವವರ ಹಾಗೆ ಸೆರಗು ಸಿಕ್ಕಿಸಿಕೊಂಡು ಪಕ್ಕಕ್ಕೆ ಸರಿದರು.

ಐಸ್‌ಕ್ರೀಮ್ ಡಬ್ಬಗಳು ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ಕೆಂಪು ಬಳಿದ ಹೊಸ ಮಣ್ಣಿನ ಕುಂಡಗಳು. ಕುಂಡದ ತುಂಬ ಕಪ್ಪಗೆ, ನುಣ್ಣಗೆ, ಒದ್ದೆಯಾಗಿ ಹೆಮ್ಮಿಗೆಯ ಗದ್ದೆಯ ಮೆಕ್ಕಲು ಮಣ್ಣು. ನದಿ ತಂದು ಹಾಕಿದ ಆ ಮಣ್ಣೆಂದರೆ ನಮ್ಮವರಿಗೆ ಚಿನ್ನ. ಮೂರು ಚೀಲ ಮಗನ ಗಾಡಿಯಲ್ಲಿ ತರಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ತಾವೇ ಕೂತು ಒಂದೊಂದನ್ನೇ ನೆಟ್ಟಿದ್ದರು. ದಿನಾ ಬೆಳಿಗ್ಗೆ ತುಳಸಿಗೆ ನೀರೆರೆದ ಮೇಲೆ ಇವಕ್ಕೂ ಒಂದೊಂದು ಚೊಂಬು. ಎಪ್ಪತ್ತೆಂಟು ವರ್ಷದ ಹೆಂಗಸು ಬಕೆಟ್ ಹಿಡಿದು ದಿನವೂ ಮೆಟ್ಟಿಲು ಹತ್ತಿದ್ದರು.

ಹತ್ತಿರ ಹೋಗಿ ಒಂದು ಎಲೆ ಮುಟ್ಟಿದೆ. ಬೇಯಿಸಿದ ಈರುಳ್ಳಿಯ ಹಾಗೆ ಬೆರಳಿಗೆ ಬಂತು. ಬುಡ ಕಪ್ಪಾಗಿತ್ತು. ಎರಡನೆಯದೂ ಹಾಗೇ. ಆಚೆ ತುದಿಯವರೆಗೂ ಹೋಗಬೇಕಾಗಿರಲಿಲ್ಲ, ಆದರೂ ಹೋದೆ. ಗಟ್ಟಿ ಎಲೆ ಒಂದೂ ಸಿಗಲಿಲ್ಲ.

"ಪಾಪ, ಮರಳಲ್ಲಿ ಇದ್ದೋ ಅವು," ಎಂದರು ಅಕ್ಕ ಹಿಂದಿನಿಂದ. "ನೀನು ಸಂಕೋಚಕ್ಕೆ ಬ್ಯಾಡ ಅಂದೆ. ಮನೇಲಿರೋವು ಒಣಗ್ಲಿ ಅಂತ ಬುಟ್ಬುಡಾಕಾಯ್ತದಾ?"

ನಾನು ಕಿರುಚಲಿಲ್ಲ. ಕಿರುಚಿದ್ದರೆ ಎಲ್ಲರೂ ಮರೆತುಬಿಡುತ್ತಿದ್ದರು. ಕ್ಲಾಸಿನಲ್ಲಿ ಪಾಠ ಒಪ್ಪಿಸುವವಳ ಹಾಗೆ ನಿಧಾನವಾಗಿ ಹೇಳಿದೆ.

"ಅಕ್ಕ, ಈ ಮನೇಲಿ ನನ್ನದು ಅಂತ ಇದೊಂದಿತ್ತು. ಇದನ್ನೂ ನೀವೇ ಸಾಕಿಬಿಟ್ಟಿರಲ್ಲ."

ಅಕ್ಕನಿಗೆ ತಕ್ಷಣ ಅರ್ಥವಾಯಿತು. ಮಗನಿಗೂ ಆಯಿತು, ಅವನ ಕಿವಿ ಕೆಂಪಾದದ್ದು ನೋಡಿದೆ. ಆದರೆ ಅವನು, ಗಿಡ ತಾನೆ ಚಿಕ್ಕಮ್ಮ, ಮೈಸೂರು ರಸ್ತೆ ನರ್ಸರಿಯಿಂದ ಬೇರೆ ತರಿಸೋಣ ಬಿಡಿ ಎಂದ. ಆಮೇಲೆ ಅಕ್ಕನ ಬೆನ್ನ ಮೇಲೆ ಕೈ ಇಟ್ಟು, "ನೀನ್ ಬಾ ಅವ್ವ" ಎಂದು ಕೆಳಕ್ಕೆ ಕರೆದುಕೊಂಡು ಹೋದ. ಆಪರೇಷನ್ ಆದ ಮಂಡಿ ನನ್ನದು ಎನ್ನುವುದು ಅವನಿಗೆ ನೆನಪಾಗಿ ಸೊಸೆಯನ್ನು ಮೇಲಕ್ಕೆ ಕಳಿಸಿದ್ದು ಎಷ್ಟೋ ಹೊತ್ತಿನ ಮೇಲೆ.

ಹದಿನೈದು ದಿನ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಕಾಫಿ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನಾನು ಸಾರಿ ಕೇಳಬೇಕು ಎಂದುಕೊಳ್ಳುತ್ತಿದ್ದೆ, ಯಾವುದಕ್ಕೆ ಎಂದು ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಮೊರದಿಂದ ಕಣ್ಣೆತ್ತದೆಯೇ ಅಕ್ಕ ಮಾತು ಶುರುಮಾಡಿದರು.

"ಆ ಮಗೀನ ನಾನು ಕಿತ್ಕೊಂಡೆ ಅನ್ಕೊಂಡಿದ್ದೀಯ ಅಲ್ವಾ? ನೀನು ವಾರ ವಾರ ಬತ್ತಿದ್ದೆ, ಬಿಸ್ಕೆಟ್ ಕೊಟ್ಟು ಓಯ್ತಿದ್ದೆ. ನಾನು ಪ್ರತಿ ಸಲಾನೂ ಅವ್ನ ಬಟ್ಟೆ ಗಂಟು ಕಟ್ಟಿ ಬಾಗ್ಲತ್ರ ಮಡಗಿರ್ತಿದ್ದೆ ಕನವ್ವ. ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ. ನೀನು ಒಂದಪ ಬಾಯ್ ಬುಟ್ಟು ಕೊಡಿ ಅಂದಿದ್ರೆ ಕೊಡ್ದೆ ಇರ್ತಿದ್ನಾ?"

ಆ ಗಂಟು ನನಗೆ ನೆನಪಿದೆ. ಹೊಸಿಲ ಪಕ್ಕ, ನೀಲಿ ಚೌಕಳಿ ಟವೆಲಿನಲ್ಲಿ ಕಟ್ಟಿದ್ದು. ಒಗೆಯಲು ಇಟ್ಟ ಬಟ್ಟೆ ಎಂದುಕೊಂಡು ದಾಟಿ ಹೋಗುತ್ತಿದ್ದೆ. ಇದು ನಿಜವೋ, ಈಗ ಅವರು ಹೇಳಿದ ಮೇಲೆ ನನ್ನ ತಲೆ ಕಟ್ಟಿಕೊಟ್ಟ ಗಂಟೋ ಹೇಳಲಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡರೆ ನನಗೆ ಎಷ್ಟೋ ಸುಖ. ಆದರೆ ಅಕ್ಕ ಸುಳ್ಳು ಹೇಳುವವರಲ್ಲ.

ಮತ್ತೆ ಒಂದು ತಿಂಗಳಾಗಿರಬೇಕು. ಕೊಳೆತ ಗಿಡಗಳನ್ನೆಲ್ಲ ಕಿತ್ತು ಎಸೆದಾಗಿತ್ತು. ಆ ಮಣ್ಣಿನಲ್ಲಿ ಅಕ್ಕ ಮೆಂತ್ಯದ ಸೊಪ್ಪು ಹಾಕಿದ್ದರು, ಬಹಳ ಚೆನ್ನಾಗಿ ಬಂದಿತ್ತು. ಒಂದು ದಿನ ಟೆರೇಸಿನಿಂದ ಒಡೆದ ಪ್ಲಾಸ್ಟಿಕ್ ಬೇಸಿನ್ ಒಂದನ್ನು ಎದೆಗವಚಿಕೊಂಡು ಇಳಿದು ಬಂದರು. ಕುಂಡ ಬದಲಿಸುವಾಗ ನನ್ನ ಹಳೆಯ ಮರಳು, ಇಟ್ಟಿಗೆ ಚೂರುಗಳನ್ನೆಲ್ಲ ಅದಕ್ಕೆ ಸುರಿದು ನೀರಿನ ಟ್ಯಾಂಕಿನ ಹಿಂದೆ ತಳ್ಳಿದ್ದರಂತೆ. ಮುರಿದು ಬಿದ್ದ ಎಲೆಗಳೂ ಅದರಲ್ಲೇ ಸೇರಿದ್ದವು. ಕಸ ಎಂದು ಅದಕ್ಕೊಂದು ಹನಿ ನೀರು ಹಾಕಿರಲಿಲ್ಲ. ಈಗ ಒಂದೊಂದು ಎಲೆಯ ಬುಡದಲ್ಲೂ ದಾರದಂಥ ಗುಲಾಬಿ ಬೇರು, ಹೆಸರುಕಾಳಿನಷ್ಟು ಮರಿಗಿಡ. ಇಪ್ಪತ್ತೋ ಇಪ್ಪತ್ತೈದೋ ಇದ್ದವು.

ಅಕ್ಕ ಬೇಸಿನ್ ತಂದು ನನ್ನ ಮಂಚದ ಪಕ್ಕ ಇಟ್ಟರು. ನೋಡು, ಬದುಕಿವೆ, ಏನು ಮಾಡಲಿ ಎಂದು ಕೇಳಿದರು. ನಾನು ಹೇಳಬೇಕಾದದ್ದು ಒಂದೇ ಮಾತು, ಕೊಡಿ. ಹೇಗೆ ಹೇಳಬೇಕೆಂದು ಅವರೇ ಅವರೆಕಾಯಿಯ ಮುಂದೆ ಕೂತು ನನಗೆ ಕಲಿಸಿಯೂ ಇದ್ದರು. ಬಾಯಿ ತೆರೆದೆ.

"ಇರಲಿ ಬಿಡಿ ಅಕ್ಕ. ನಿಮ್ಮ ಹತ್ತಿರಾನೇ ಇರಲಿ."

ಅಕ್ಕ ಇನ್ನೊಂದು ಸಲ ಒತ್ತಾಯ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ಬಗ್ಗಿ ಬೇಸಿನ್ ಎತ್ತಿಕೊಂಡು ಹೋದರು.

ಈಗ ಅವು ಪೂರ್ವದ ಗೋಡೆಯ ಮೇಲೆಯೇ ಇವೆ. ಎಷ್ಟು ದಿನಕ್ಕೆ ನೀರು ಎಂದು ಸೊಸೆಯ ಮೊಬೈಲಿನಲ್ಲಿ ಕೇಳಿಸಿಕೊಂಡ ಅಕ್ಕ ಅಮಾವಾಸ್ಯೆಗೊಂದು ಸಲ, ಹುಣ್ಣಿಮೆಗೊಂದು ಸಲ ಎಂದು ನೇಮ ಮಾಡಿಕೊಂಡಿದ್ದಾರೆ. ನಡುವೆ ಒಂದು ಹನಿ ಇಲ್ಲ. ನನ್ನ ಕೈಯಲ್ಲಿದ್ದಾಗ ಇಷ್ಟು ಚೆನ್ನಾಗಿರಲಿಲ್ಲ. ಹಾಗೆ ಹೇಳಲು ಹೊಟ್ಟೆ ಉರಿಯುತ್ತದೆ, ಆದರೆ ನಿಜ. ಮನೆಗೆ ಬಂದವರನ್ನು ಮಗ ಟೆರೇಸಿಗೆ ಕರೆದುಕೊಂಡು ಹೋಗುತ್ತಾನೆ. ಅವ್ವಂದು, ಎಲ್ಲಾ ಅವ್ವಂದೇ ಕೈ ಗುಣ ಎನ್ನುತ್ತಾನೆ. ಬೇಕೆಂದು ಹೇಳುವುದಲ್ಲ. ಅವನಿಗೆ ಮರೆತೇ ಹೋಗಿದೆ.

ಮೊನ್ನೆ ಅಕ್ಕ ಒಂದಿಷ್ಟು ಐಸ್‌ಕ್ರೀಮ್ ಕಡ್ಡಿ, ಒಂದು ಸ್ಕೆಚ್ ಪೆನ್ ತಂದುಕೊಟ್ಟರು. ನೋಡಲು ಬಂದವರು ಹೆಸರು ಕೇಳುತ್ತಾರಂತೆ, ಇಂಗ್ಲಿಷ್‌ನಲ್ಲಿ ಬರೆದುಕೊಡು ಎಂದರು. ಕಾನ್ವೆಂಟಮ್ಮ ಎನ್ನಲಿಲ್ಲ. ಜಗಳ ಆದಾಗಿನಿಂದ ಹಾಗೆ ಕರೆಯುವುದು ಬಿಟ್ಟಿದ್ದಾರೆ. ನಾನು ಕನ್ನಡಕ ಹಾಕಿಕೊಂಡು ಸಿಸ್ಟರ್‌ಗಳು ತಿದ್ದಿಸಿದ ಕರ್ಸಿವ್‌ನಲ್ಲಿ ಒಂದೊಂದೇ ಬರೆದೆ. ಎಚೆವೇರಿಯಾ, ಗ್ರಾಪ್ಟೊಪೆಟಲಮ್, ಜೇಡ್. ಒಂದು ಗಿಡಕ್ಕೆ ಬೇಕೆಂದೇ ಬೇರೆ ಹೆಸರು ಬರೆದೆ, ಅದರ ನಿಜವಾದ ಹೆಸರು ನನ್ನೊಬ್ಬಳ ಹತ್ತಿರವೇ ಇರಲಿ ಎಂದು. ಗೂಗಲ್ ಮಾಡಿ ನೋಡುವಷ್ಟು ಆಸ್ಥೆ ಈ ಮನೆಯಲ್ಲಿ ಯಾರಿಗೂ ಇಲ್ಲ. ಅಕ್ಕ ಕಡ್ಡಿಗಳನ್ನು ಅಡಿಗೆ ಮಾಡಿದ ಕೈಯ ಎಣ್ಣೆ ತಾಗದ ಹಾಗೆ ಸೆರಗಿನಲ್ಲಿ ಹಿಡಿದುಕೊಂಡು ಮೇಲೆ ಹೋದರು. ಯಾವ ಗಿಡಕ್ಕೆ ಯಾವುದು ಎಂದು ಕೇಳಲು ಎರಡು ಸಲ ಮೆಟ್ಟಿಲ ತಲೆಗೆ ಬಂದು ಕೂಗಿದರು. ನಾನು ಕೂತಲ್ಲಿಂದಲೇ ಹೇಳಿದೆ.