ಪೊರ್ಬುಗಳ ಬೀಗದ ಕೈ

ಅವರ ಬಲಗೈ ಸದಾ ನಡುಗುತ್ತಿತ್ತು. ಕಪ್ಪು ಹಿಡಿದರೆ ಅರ್ಧ ಚಹಾ ಸಾಸರಿಗೆ ಚೆಲ್ಲುತ್ತಿತ್ತು. ಅವರು ಕೊಂಚವೂ ನಾಚದೆ ಸಾಸರಿನಿಂದಲೇ ಸುರ್ರೆಂದು ಕುಡಿಯುತ್ತಿದ್ದರು. "ಕುಡಿತ ಬಿಟ್ಟು ಎಷ್ಟೋ ವರ್ಷ ಆಯ್ತು. ಕೈಗೆ ಮಾತ್ರ ಇನ್ನೂ ಸುದ್ದಿ ಮುಟ್ಲಿಲ್ಲ" ಎನ್ನುತ್ತಿದ್ದರು.

ಮಂಗಳೂರಿನವರು. ಮಲೇಷ್ಯಾದಲ್ಲಿ ನಾವಿರುವ ಪೆಟಾಲಿಂಗ್ ಜಯಾದ ಒಂದು ಕಂಪನಿಯಲ್ಲಿ ದುಡಿದು ನಿವೃತ್ತರಾದವರು. ನಮ್ಮ ಉಡುಪಿ ಕಡೆ ಕ್ರೈಸ್ತ ಹಿರಿಯರನ್ನು ಕರೆಯುವ ಹಾಗೆ ನಾನು ಅವರನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದೆ. ಪ್ರತಿ ಶನಿವಾರ ಬೆಳಿಗ್ಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಅವರದೊಂದು ಕೂಟ ಸೇರುತ್ತಿತ್ತು. ಕುಡಿತ ಬಿಟ್ಟವರು, ಬಿಡಲು ಒದ್ದಾಡುತ್ತಿದ್ದವರು, ನನ್ನ ಹಾಗೆ ಮನಸ್ಸು ಕುಸಿದವರು. ತಮಿಳರು, ಚೀನೀಯರು, ನಾವು. ಮೊದಲು ಅವರವರ ದೇವರನ್ನು ನೆನೆದು ಒಂದು ಗಳಿಗೆ ಮೌನ, ಆಮೇಲೆ ಮಾತು, ಕೊನೆಗೆ ಚಹಾ.

ನನ್ನ ದುಃಖಕ್ಕೆ ಇಂಥದೇ ಕಾರಣ ಅಂತಿರಲಿಲ್ಲ. ಗಂಡ ಒಳ್ಳೆಯವರು, ಮನೆಯಲ್ಲಿ ಕೊರತೆಯಿರಲಿಲ್ಲ. ಆದರೂ ಆ ವರ್ಷ ಬೆಳಗಾದರೆ ಮೇಲೇಳಲು ಆಗುತ್ತಿರಲಿಲ್ಲ. ದೇವರ ಮುಂದೆ ದೀಪ ಹಚ್ಚುವುದನ್ನೂ ಬಿಟ್ಟಿದ್ದೆ. ಡಾಕ್ಟರು ಮಾತ್ರೆ ಕೊಟ್ಟು, ಜನರ ನಡುವೆ ಇರಿ ಎಂದಿದ್ದರು. ಗಂಡ ಒತ್ತಾಯ ಮಾಡಿ ಕೂಟಕ್ಕೆ ಕರೆತಂದರು. ಮೊದಲ ದಿನ ಹೊರಡುವಾಗ, ದೇವರಲ್ಲಿ ನಂಬಿಕೆ ಹೋಗಿದೆ ಎಂದು ಪೊರ್ಬುಗಳ ಹತ್ತಿರ ಹೇಳಿದೆ.

"ಹೋಗ್ಲಿ ಬಿಡಿ. ನಮ್ಮ ಹತ್ರ ಉಂಟಲ್ಲ, ಸದ್ಯಕ್ಕೆ ಅದ್ರಲ್ಲೇ ಸುಧಾರಿಸುವ. ನೀವು ಮಾತ್ರೆ ತಗೊಳ್ಳಿ, ದೀಪ ಹಚ್ಚಿ. ಮೇರಿ ಮಾತೆಯ ಹತ್ರ ನಾನು ಹೇಳಿ ಇಡ್ತೇನೆ. ನಿಮ್ಮ ಕೃಷ್ಣನ ಹತ್ರ ನೀವೇ ಮಾತಾಡ್ಬೇಕು, ನನಗೆ ಅವನ ಪರಿಚಯ ಸಾಲದು."

ಹೀಗೆಂದು ಕಿಸೆಯಿಂದ ಕೋಣೆಯ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇರುದು ಇದೊಂದೇ. ನನ್ನ ನಡುಗುವ ಕೈಗೆ ಬೀಗದ ತೂತು ಸಿಕ್ಕುದಿಲ್ಲ. ಬರುವ ವಾರದಿಂದ ನೀವೇ ಬಂದು ತೆರೀಬೇಕು."

ಏಳಲಾಗದವಳಿಗೆ ಎಲ್ಲರಿಗಿಂತ ಮೊದಲು ಬಾ ಎನ್ನುವ ಈ ಮನುಷ್ಯನಿಗೆ ಬುದ್ಧಿ ನೆಟ್ಟಗಿಲ್ಲ ಅಂದುಕೊಂಡೆ. ಆದರೂ ಕೆಲವು ವಾರ ಹೋದೆ. ಬಾಗಿಲು ತೆರೆದು, ಕುರ್ಚಿ ಹಾಕಿ, ಚಹಾಕ್ಕೆ ನೀರಿಡುತ್ತಿದ್ದೆ. ತಲೆ ಬಾಚದೆ ಬಂದರೆ "ಇದೆಂತ, ಕಾಗೆ ಗೂಡಾ?" ಎಂದು ಪೊರ್ಬುಗಳು ಕೆಣಕುತ್ತಿದ್ದರು.

ಒಂದು ಶನಿವಾರ ಏಳಲಾಗಲಿಲ್ಲ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಗೋಡೆಗೆ ಮುಖ ಮಾಡಿ ಮಲಗಿದ್ದೆ. ಇನ್ನು ಕೂಟವೂ ಬೇಡ, ಯಾವುದೂ ಬೇಡ ಅನ್ನಿಸಿತ್ತು. ಫೋನ್ ಬಂತು.

"ಬಾಗಿಲು ಹಾಕಿ ಉಂಟು. ನಾವೆಲ್ಲ ಹೊರಗೆ ಕೂತಿದ್ದೇವೆ."

"ನನ್ನಿಂದ ಆಗುದಿಲ್ಲ ಪೊರ್ಬುಗಳೇ."

"ಅವಸರ ಇಲ್ಲ. ನಿಧಾನ ಬನ್ನಿ. ನಾವು ಕಾಯ್ತೇವೆ."

ಬೈದಿದ್ದರೆ ಮಲಗಿಯೇ ಇರುತ್ತಿದ್ದೆ. ಆ ಸೆಕೆಯಲ್ಲಿ ಅಷ್ಟು ಜನ ನನ್ನೊಬ್ಬಳಿಗಾಗಿ ಕೂತಿರುವುದು ಸಹಿಸಲಾಗಲಿಲ್ಲ. ಎದ್ದು ಮುಖ ತೊಳೆದೆ. ಯಾಕೋ ದೇವರ ಮುಂದೆ ನಿಂತು ದೀಪವನ್ನೂ ಹಚ್ಚಿದೆ. ಹೋಗಿ ನೋಡಿದರೆ ಎಲ್ಲರೂ ಮೆಟ್ಟಿಲ ಮೇಲೆ ಕೂತು, ಎದುರಿನ ಮಾಮಾಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಕಟ್ಟಿಸಿ ತಂದ ಪರೋಟದಂಥ ರೋಟಿ ಚನಾಯ್ ತಿನ್ನುತ್ತಿದ್ದರು. ಒಬ್ಬ ತಮಿಳು ಅಕ್ಕ ಸರಿದು ಜಾಗ ಕೊಟ್ಟರು. "ಮೊದ್ಲು ಮಾಕಾನ್ ಲಾ, ತಿನ್ನಿ. ಬಾಗಿಲು ಆಮೇಲೆ" ಎಂದು ಪೊರ್ಬುಗಳು ನನ್ನ ಪಾಲಿನ ಪೊಟ್ಟಣ ಚಾಚಿದರು. ರೊಟ್ಟಿ ತಣ್ಣಗಾಗಿತ್ತು. ಎಷ್ಟೋ ದಿನದ ಮೇಲೆ ನನಗೆ ಹಸಿವಾಗಿತ್ತು, ಅಳುತ್ತಲೇ ತಿಂದೆ. ಮನಸ್ಸು ಒಂದೇ ದಿನಕ್ಕೆ ಸರಿಹೋಗಲಿಲ್ಲ. ಆದರೆ ಆಮೇಲೆ ಯಾವ ಶನಿವಾರವೂ ತಪ್ಪಿಸಲಿಲ್ಲ, ಮನೆಯ ದೀಪವೂ ತಪ್ಪಲಿಲ್ಲ.

ಕಳೆದ ವರ್ಷ ಪೊರ್ಬುಗಳು ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅವರ ಹೆಂಡತಿ ಬಾಯಮ್ಮ ನನ್ನನ್ನು ಪಕ್ಕಕ್ಕೆ ಕರೆದು ಒಂದು ಬೀಗದ ಕೈ ಕೊಟ್ಟರು. ನನ್ನ ಬಳಿಯಿದ್ದದ್ದರ ಜೋಡಿ.

"ಇದು ಯಾವಾಗ್ಲೂ ಅವರ ಕಿಸೆಯಲ್ಲೇ ಇತ್ತು. ಕೈ ನಡುಗಿದ್ರೂ ಬಾಗಿಲು ಅವರೇ ತೆರೀತಿದ್ರು, ನೀವು ಕೂಟಕ್ಕೆ ಸೇರುವವರೆಗೆ. ನಿಮ್ಮನ್ನು ಕಾದ ದಿನ ಮನೆಗೆ ಬಂದು ಒಂದೇ ಮಾತು ಹೇಳಿದ್ದು, ಹುಡುಗಿ ಬಂದ್ಲು ಅಂತ."

ನಾನು ಇವತ್ತು ಎದ್ದು ಓಡಾಡುತ್ತಿದ್ದರೆ ಅದು ಆ ಸುಳ್ಳಿನ ಪುಣ್ಯ.

ಈಗ ಕೂಟಕ್ಕೆ ಮೈಸೂರಿನ ಹೊಸಬರೊಬ್ಬರು ಬರುತ್ತಾರೆ. ತಲೆ ಎತ್ತಿ ಮಾತಾಡುವುದಿಲ್ಲ. ಹೋದ ವಾರ ನನ್ನ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟು, ಇರುವುದು ಇದೊಂದೇ ಅಂದೆ. ಪೊರ್ಬುಗಳದು ನನ್ನ ಪರ್ಸಿನಲ್ಲಿದೆ. ಹೊಸಬರು ಬರುವುದು ಎಷ್ಟು ತಡವಾದರೂ ಅದನ್ನು ಹೊರಗೆ ತೆಗೆಯುವುದಿಲ್ಲ, ಮೆಟ್ಟಿಲ ಮೇಲೆ ಕೂತು ಕಾಯುತ್ತೇನೆ.